ಇಪ್ಪತ್ತು ನಿಮಿಷ ಕುದಿಸಿದ ನೀರು

ಮೇ ಒಂದನೇ ತಾರೀಖು ನನ್ನ ದಿನಚರಿಯಲ್ಲಿ ಹೀಗೆ ಬರೆದಿದ್ದೇನೆ: "ನರ್ಸಿಂಗ್ ಪಾಸು, ಮೊದಲ ದರ್ಜೆ. ಕೆಲಸ ಸಿಗಲು ಬೇಕಾಗುವ ಕಾಲ ಒಂದು ವಾರ. ತೀರಾ ತಡವಾದರೆ ಹತ್ತು ದಿನ." ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೇನೆ. ಆ ಗೆರೆಗಳನ್ನು ಕಂಡರೆ ಈಗ ಮೈ ಉರಿಯುತ್ತದೆ!

ಅವಸರ ನನಗಿಂತ ತಂಗಿ ಗಿರಿಜೆಗೆ ಹೆಚ್ಚು. ಅವಳೂ ನರ್ಸ್ ಆಗಬೇಕೆಂದು ಅರ್ಜಿ ತುಂಬಿ, ದೇವರ ಗೂಡಿನಲ್ಲಿಟ್ಟು ಕಾಯುತ್ತಿದ್ದಳು. ಸಹಿ ಹಾಕಬೇಕಾದ ಅಪ್ಪ ಒಂದೇ ಮಾತು ಹೇಳಿದ್ದರು: "ಶ್ರಾವಣದೊಳಗ ನಿಮ್ಮಕ್ಕಗ ಕೆಲಸ ಸಿಗ್ಲಿ, ಸಹಿ ಹಾಕ್ತೀನಿ. ಇಲ್ಲಂದ್ರ, ಓದಿ ಮನ್ಯಾಗ ಕುಂದ್ರಾಕ ಒಬ್ಬಾಕಿ ಸಾಕು."

ಮೊದಲು ಸರ್ಕಾರಿ ಕಚೇರಿ. ಗುಮಾಸ್ತರು ನನ್ನ ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ, "ಇದಿ ಮನ ರಾಷ್ಟ್ರಂ ಸರ್ಟಿಫಿಕೇಟ್ ಕಾದಮ್ಮಾ" ಎಂದರು. ನಮ್ಮ ರಾಜ್ಯದ್ದಲ್ಲವಂತೆ! ನಾನು ಬಳ್ಳಾರಿಗೆ ಓದಲು ಹೋದಾಗ ನಮ್ಮೂರು ಆದೋನಿಯೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಓದು ಮುಗಿಯುವಷ್ಟರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ, ಆದೋನಿ ಆಂಧ್ರಕ್ಕೆ.

"ನಾ ಎಲ್ಲೂ ಹೋಗಿಲ್ರಿ, ಊರ ಹೋಗೇತಿ" ಎಂದೆ.

"ಹಂಗಾದ್ರ ಊರು ಹೋಗೇತಂತ ಒಂದು ಅರ್ಜಿ ಬರೀರಿ" ಎಂದರು ಅವರು, ಗಂಭೀರವಾಗಿ. ಬರೆದೆ. ಬರೆದವಳಿಗೆ ಬುದ್ಧಿ ಇರಲಿಲ್ಲ.

ಆಮೇಲೆ ಹತ್ತಿ ಪೇಟೆಯ ಹಿಂದೆ ಹೆರಿಗೆ ಆಸ್ಪತ್ರೆ ಇಟ್ಟಿದ್ದ ಡಾಕ್ಟರು.

"ಅನುಭವ ಐತೇನಮ್ಮಾ?"

"ಕೆಲಸ ಕೊಟ್ರ ಬರ್ತೈತ್ರಿ."

"ಅನುಭವ ಬಂದ್ರ ಕೆಲಸ ಕೊಡ್ತೀನಿ."

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು!

ಜೂನ್ ಕೊನೆಯ ಲೆಕ್ಕ: ಅರ್ಜಿ ಹದಿನಾಲ್ಕು. ಉತ್ತರ ಮೂರು. ಅದರಲ್ಲಿ ಒಂದು ಬೇರೆ ಯಾರಿಗೋ ಬರೆದದ್ದು.

ಅನುಭವ ತಾನಾಗಿ ಬರದಿದ್ದರೆ ನಾವೇ ಹೋಗಿ ತರಬೇಕು ಎಂದು ತೀರ್ಮಾನಿಸಿದೆ. ನಮ್ಮ ಓಣಿಯ ಹತ್ತಿ ಸಾಹುಕಾರರ ಸೊಸೆಗೆ ದಿನ ತುಂಬಿತ್ತು. ಅಲ್ಲಿನ ಹೆರಿಗೆಯ ಹಕ್ಕು ಸೂಲಗಿತ್ತಿ ಸುಂಕಮ್ಮನದು. ಬಾಯಲ್ಲಿ ಹೊಗೆಸೊಪ್ಪು, ಅಕ್ಷರಕ್ಕೆ ಹೆಬ್ಬೆಟ್ಟು. ಈಕೆಗೆ ನನ್ನ ವಿದ್ಯೆ ತೋರಿಸಿಯೇ ಬಿಡುತ್ತೇನೆಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ಹೆರಿಗೆ ಬೇನೆ ಶುರುವಾಗಿದೆ ಎಂದು ಸುದ್ದಿ ಬಂತು. ತರಬೇತಿಯ ನಿಯಮದಂತೆ ಸಿದ್ಧಳಾದೆ. ಗಂಜಿ ಹಾಕಿದ ಬಿಳಿ ಸೀರೆ. ಕೈಯಲ್ಲಿ ಬಳೆ ಇಲ್ಲ. ಮುಖ ಸಾಬೂನಿನಿಂದ ತೊಳೆದು ಒಂದು ಚುಕ್ಕೆಯೂ ಇಲ್ಲದಂತೆ ಒರೆಸಿದ್ದೆ. ಹಾಗೆ ಹೋಗಿ ಸಾಹುಕಾರರ ಹೊಸ್ತಿಲ ಮುಂದೆ ನಿಂತೆ.

ಬಾಗಿಲು ತೆಗೆದ ಸಾಹುಕಾರರ ತಾಯಿ, ಮೂರು ವರ್ಷ ಊರಲ್ಲಿರದ ನನ್ನನ್ನು ಮೇಲಿಂದ ಕೆಳಗೆ ನೋಡಿ ಎದೆ ಬಡಿದುಕೊಂಡರು. "ಅಯ್ಯೋ ನನ್ನವ್ವಾ! ಇಷ್ಟು ಸಣ್ಣ ವಯಸ್ಸಿಗೆ! ಏನಾಗಿತ್ತವ್ವಾ ಅವಗ?"

"ಯಾರಿಗ್ರಿ?"

"ನಿನ್ನ ಗಂಡಗ!"

"ನನಗಿನ್ನೂ ಮದಿವಿನ ಆಗಿಲ್ರಿ."

ಇದರಿಂದ ಪರಿಸ್ಥಿತಿ ಸುಧಾರಿಸಲಿಲ್ಲ.

"ಮದಿವಿ ಆಗದಾಕಿ ಹೆರಿಗಿ ಮಾಡ್ಸಾಕ ಬಂದಾಳಂತ! ಅದೂ ಬಿಳೀ ಸೀರಿ, ಬರೀ ಹಣಿ, ಬರೀ ಕೈ! ಶುಕ್ರವಾರ ಬಾಗಲಾಗ ನಿಂದ್ರಬ್ಯಾಡ, ಸರಿ ಅತ್ಲಾಗ!"

ಓಣಿಯ ಕೂಸಿಗೂ ಗೊತ್ತಿರುವ ವಿಷಯ. ಮೂರು ವರ್ಷ ಓದಿ, ಮೊದಲ ದರ್ಜೆಯಲ್ಲಿ ಮರೆತಿದ್ದೆ!

ಗದ್ದಲ ಕೇಳಿ ಸುಂಕಮ್ಮ ಹೊರಗೆ ಬಂದಳು. "ಯಾಕ ಒದರ್ತೀರಿ ಅವ್ವಾರ, ಒಳಗ ಆಕಿ ಅಂಜ್ತಾಳ" ಎಂದು ನನ್ನ ರೆಟ್ಟೆ ಹಿಡಿದು ಎಳೆದು, ಹಣೆಗೆ ಒಂದು ರೂಪಾಯಿಯಗಲ ಕುಂಕುಮ ಒತ್ತಿದಳು. ತನ್ನ ಕೈಯಿಂದ ನಾಲ್ಕು ಹಸಿರು ಬಳೆ ತೆಗೆದು ನನಗೆ ಏರಿಸತೊಡಗಿದಳು.

"ಬಳಿ ತೊಟ್ರ ಸೋಂಕು ಬರ್ತೈತಿ" ಎಂದು ನಾನು ಪಾಠ ಶುರುಮಾಡಿದೆ.

"ತೊಡದಿದ್ರ ಬಡಿಗಿ ಬರ್ತೈತಿ. ಸುಮ್ಮನ ತೊಡು."

ತೊಟ್ಟೆ. ಆದರೆ ಒಂದು ವಿಷಯದಲ್ಲಿ ನಾನು ಬಗ್ಗಲಿಲ್ಲ. ಹೊಕ್ಕುಳಬಳ್ಳಿ ಕತ್ತರಿಸುವ ಬ್ಲೇಡು, ಕಟ್ಟುವ ದಾರ ಇಪ್ಪತ್ತು ನಿಮಿಷ ಕುದಿಯಲೇಬೇಕು ಎಂದೆ. "ಆತು ತಾಯಿ, ಅದನ್ನ ನೀನ ಮಾಡು" ಎಂದು ಸುಂಕಮ್ಮ ನನ್ನನ್ನು ಹಿತ್ತಲ ಒಲೆಯ ಮುಂದೆ ಕೂಡಿಸಿ ಒಳಗೆ ಹೋದಳು. ನೀರು ಕುದಿ ಬಂದ ಸಮಯ ಬರೆದುಕೊಂಡೆ.

ಹದಿನಾಲ್ಕನೇ ನಿಮಿಷಕ್ಕೆ ಕೂಸು ಅತ್ತಿತು.

"ಬ್ಲೇಡು ತಾರವ್ವಾ!" ಸುಂಕಮ್ಮ ಕೂಗಿದಳು.

"ಇನ್ನೂ ಆರು ನಿಮಿಷ ಐತಿ!"

"ಕೂಸಿಗೆ ಗಡಿಯಾರ ನೋಡಾಕ ಬರಂಗಿಲ್ಲಲೇ!"

ಆದರೂ ಕಾದಳು. ಇಪ್ಪತ್ತನೇ ನಿಮಿಷಕ್ಕೆ ನಾನು ವಿಜಯೋತ್ಸಾಹದಿಂದ ಎದ್ದೆ. ಇಕ್ಕಳ ಬಳಸಬೇಕು ಎಂಬುದು ಪುಸ್ತಕದಲ್ಲಿತ್ತು, ತಲೆಯಲ್ಲಿರಲಿಲ್ಲ. ಕುದಿಯುವ ನೀರಿಗೆ ನೇರವಾಗಿ ಕೈ ಹಾಕಿದೆ! ಬ್ಲೇಡು ಬೂದಿಗೆ ಹಾರಿತು, ನಾನು ಕಟ್ಟಿಗೆ ರಾಶಿಗೆ ಹಾರಿದೆ. ಪುಸ್ತಕದ ಪ್ರಕಾರ ಎರಡು ಬ್ಲೇಡು ಕುದಿಸಿದ್ದರಿಂದ ಮಾನ ಅರ್ಧ ಉಳಿಯಿತು. ಎರಡನೆಯದನ್ನು ಸುಂಕಮ್ಮನೇ ಬಂದು ಇಕ್ಕಳದಿಂದ ಎತ್ತಿಕೊಂಡು ಹೋದಳು.

ತಾಯಿ ಕ್ಷೇಮ, ಕೂಸು ಕ್ಷೇಮ. ಆ ದಿನ ಆ ಮನೆಯಲ್ಲಿ ಚಿಕಿತ್ಸೆ ಬೇಕಾದದ್ದು ಒಬ್ಬಳಿಗೇ. ಸುಂಕಮ್ಮ ನನ್ನ ಮೂರು ಬೆರಳಿಗೆ ಅರಿವೆ ಸುತ್ತುತ್ತಾ ಎಲ್ಲ ಕೇಳಿಕೊಂಡಳು: ಗುಮಾಸ್ತ, ಡಾಕ್ಟರು, ಗಿರಿಜೆ, ಅಪ್ಪನ ಸಹಿ. "ಅನುಭವದ ಚೀಟಿ ತಾನ? ಬರಿ, ನಾ ಹೇಳ್ತೀನಿ."

ನಾನು ಸೊಟ್ಟ ಅಕ್ಷರದಲ್ಲಿ ಬರೆದೆ: "ಈ ಹುಡಿಗಿ ನೀರು ಚಲೋ ಕಾಯಿಸ್ತಾಳ. ಒದರಿದ್ರೂ ಅವಸರ ಮಾಡಂಗಿಲ್ಲ. ಕಲಿಸಿದ್ರ ಕಲೀತಾಳ." ಕೆಳಗೆ ಹೆಬ್ಬೆಟ್ಟಿನ ಗುರುತು.

ಡಾಕ್ಟರು ನನ್ನ ಮೊದಲ ದರ್ಜೆಯನ್ನು ಪಕ್ಕಕ್ಕೆ ಸರಿಸಿ ಆ ಚೀಟಿಯನ್ನು ಎರಡು ಸಲ ಓದಿದರು. ಅವರ ಆಸ್ಪತ್ರೆಗೆ ಬರುವ ಬಸುರಿಯರಲ್ಲಿ ಅರ್ಧ ಜನ ಸುಂಕಮ್ಮ ಕಳಿಸಿದವರು ಎಂದು ನನಗೆ ಆಮೇಲೆ ತಿಳಿಯಿತು. "ಸುಂಕಮ್ಮ ಹೇಳ್ಯಾಳಂದ್ರ ಮಾತಿಲ್ಲ. ನಾಳೆ ಬಾರಮ್ಮಾ. ಬಳಿ ತೊಟ್ಕೊಂಡು ಬಾ."

ಶ್ರಾವಣಕ್ಕೆ ಇನ್ನೂ ನಾಲ್ಕು ದಿನವಿತ್ತು. ಅಪ್ಪ ಸಹಿ ಹಾಕಿದರು.

ಓದಲು ಹೊರಡುವ ಮುಂಚೆ ಗಿರಿಜೆ ಆಸ್ಪತ್ರೆಗೆ ಬಂದಳು. ನಾನು ಒಲೆಯ ಮುಂದೆ ಕುಳಿತಿದ್ದೆ. ಮೂರು ವಾರದಿಂದ ನನಗೆ ಕೊಟ್ಟಿರುವ ಕೆಲಸ ಅದೊಂದೇ.

"ಯಕ್ಕಾ, ಇದಕ್ಕ ಮೂರು ವರ್ಷ ಬಳ್ಳಾರಿಗೆ ಹೋಗಬೇಕೇನು? ಸುಂಕಮ್ಮನ ಹಿಂದ ಮೂರು ದಿನ ಅಡ್ಡಾಡಿದ್ರ ಸಾಲಂಗಿಲ್ಲೇನು?"

ನಾನು ಗಡಿಯಾರ ನೋಡಿದೆ. ನೀರು ಕುದಿಯುತ್ತಿತ್ತು. ಇನ್ನೂ ಆರು ನಿಮಿಷ ಬಾಕಿ ಇತ್ತು.