ಮೊಲದ ಮರಿಯ ಊಟೋಪಚಾರ

ಮನೆಗೆ ಒಂದು ಮೂಕಜೀವ ಬಂದರೆ, ಮಾತು ಬಲ್ಲ ನಾವು ದಿನಕ್ಕೊಂದು ಎಡವಟ್ಟು ಮಾಡುತ್ತಲೇ ಇರುತ್ತೇವೆ. ನಾಗರಬಾವಿಯಲ್ಲಿ ಓದುವ ನನ್ನ ಮಗಳು ಹೋದ ವರ್ಷ ಎರಡು ತಿಂಗಳ ಮೊಲದ ಮರಿಯೊಂದನ್ನು ಕುರುಬರಹಳ್ಳಿಯ ನಮ್ಮ ಮನೆಗೆ ತಂದಳು. ಎರಡು ಅಂಗೈ ಸೇರಿಸಿದರೆ ಅದರೊಳಗೆ ಕೂರುವಷ್ಟು ಮರಿ. ಕೊಟ್ಟ ಗೆಳತಿಯ ಮನೆಯಲ್ಲಿ ಇದರ ಜೊತೆಗಿದ್ದ ಇನ್ನೊಂದು ಮರಿ ಸಿಕ್ಕಿದ್ದನ್ನೆಲ್ಲ ತಿಂದು, ಹೊಟ್ಟೆ ಕೆಟ್ಟು ತೀರಿಕೊಂಡಿತ್ತಂತೆ.

"ಅಪ್ಪ, ಇದನ್ನಾದ್ರೂ ಉಳಿಸ್ಕೋಬೇಕು" ಎಂದಳು.

"ಉಳಿಸೋನು ಮೇಲಿದಾನೆ ಕಣಮ್ಮ" ಎಂದೆ.

"ಇರ್ಲಿ, ಹುಲ್ಲು ಹಾಕೋರು ಮಾತ್ರ ನಾವೇ."

ಗೋಡೆಯ ಮೇಲಿನ ಮೊಲ

ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ. ಅದರ ಗೋಡೆಯ ಮೇಲೆ ನಮ್ಮ ಮೇಷ್ಟ್ರು ಒಂದು ಮೊಲದ ಚಿತ್ರ ಬರೆದಿದ್ದರು. ಅದರ ಕೈಯಲ್ಲಿ ಅದರಷ್ಟೇ ಉದ್ದದ ಕ್ಯಾರೆಟ್. ಆ ವಿದ್ಯೆಯ ಬಲದ ಮೇಲೆ, ಮರಿ ಬಂದ ದಿನವೇ ತಳ್ಳುಗಾಡಿಯವಳಿಂದ ಒಂದು ಕೆಜಿ ಕ್ಯಾರೆಟ್ ತಂದೆ. ಮಗಳು ಅದನ್ನು ನನ್ನ ಕೈಯಿಂದ ಕಿತ್ತುಕೊಂಡು, ಮರಿಯನ್ನೂ ನನ್ನನ್ನೂ ಬಸವೇಶ್ವರನಗರದ ಪ್ರಾಣಿವೈದ್ಯೆಯ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಆದರೆ ಮಾತು ತೂಕದ್ದು. "ಸಾರ್, ನಿಮ್ಮ ಮನೇಲಿ ಕೂಸಿಗೆ ಮೂರು ಹೊತ್ತೂ ಮೈಸೂರ್‌ಪಾಕ್ ತಿನ್ನಿಸ್ತೀರಾ?"

"ಇಲ್ಲಮ್ಮ."

"ಇದಕ್ಕೆ ಕ್ಯಾರೆಟ್ಟು, ಬಾಳೆಹಣ್ಣು ಎಲ್ಲ ಹಾಗೇನೇ. ಒಣಹುಲ್ಲು ಸದಾ ಮುಂದೆ ಇರ್ಬೇಕು. ಈಗ ಬೆಳೆಯೋ ವಯಸ್ಸು, ಅದಕ್ಕೆ ಒಣಗಿಸಿದ ಕುದುರೆ ಮೆಂತ್ಯದ ಸೊಪ್ಪೂ ಬೇಕು. ಶುದ್ಧ ನೀರು. ಪೆಲೆಟ್ಟು, ಅಂದ್ರೆ ಅಂಗಡೀಲಿ ಸಿಗೋ ಗುಳಿಗೆ ಥರದ ಮೊಲದ ಆಹಾರ, ಒಂದು ಲೆಕ್ಕದಲ್ಲಿ. ಹಸಿ ಸೊಪ್ಪು ಸ್ವಲ್ಪ ದಿನ ಬಿಟ್ಟು, ಒಂದೊಂದೇ ಥರದ್ದು, ಚೂರು ಚೂರು."

"ಮೇಷ್ಟ್ರು ಹಾಗೆ ಬರೆದಿದ್ರಲ್ಲಮ್ಮ" ಎಂದೆ.

"ನಿಮ್ಮ ಮೇಷ್ಟ್ರು ಮೊಲ ಸಾಕಿದ್ರಾ?"

ನೆನಪು ಮಾಡಿಕೊಂಡು ನಿಜವನ್ನೇ ಹೇಳಿದೆ. "ಇಲ್ಲ, ಕೋಳಿ ಸಾಕಿದ್ರು."

ಮನೆ ಬಾಗಿಲಿಗೆ ಹುಲ್ಲು

ಒಣಹುಲ್ಲನ್ನು ಮಗಳು ಫೋನಿನಲ್ಲೇ ತರಿಸಿದಳು. ರಟ್ಟಿನ ಪೆಟ್ಟಿಗೆ, ಅದರೊಳಗೆ ಪ್ಲಾಸ್ಟಿಕ್ ಚೀಲ, ಚೀಲದ ಮೇಲೆ ನಗುವ ಮೊಲದ ಚಿತ್ರ. ತಂದುಕೊಟ್ಟವನು ಪೆಟ್ಟಿಗೆಯನ್ನು ಒಂದೇ ಬೆರಳಲ್ಲಿ ಎತ್ತಿ, "ಸಾರ್, ಒಳಗೇನೂ ಇಲ್ದಂಗಿದೆ, ತೆಗೆದು ನೋಡ್ಬಿಡಿ. ಆಮೇಲೆ ನನ್ನ ಮೇಲೆ ಬರುತ್ತೆ" ಎಂದ. ತೆಗೆದು ತೋರಿಸಿದೆ. ಅವನು ಬಗ್ಗಿ ನೋಡಿ, ಗಾಡಿ ಹತ್ತಿ ಹೋದ.

ನನ್ನ ಹೆಂಡತಿಯೂ ಹಳ್ಳಿಯವಳೇ. ಹುಲ್ಲು ಹೊತ್ತು ತಲೆ ಸವೆಸಿದವಳು. ಒಂದು ಹಿಡಿ ತೆಗೆದು ಮೂಸಿದಳು, ಬೆರಳಲ್ಲಿ ಉಜ್ಜಿದಳು. ಆಮೇಲೆ ಬಹಳ ಶಾಂತವಾಗಿ ಹೇಳಿದಳು: "ರೀ, ನಮ್ಮಪ್ಪ ಇದನ್ನ ತಂದಿದ್ರೆ ನಮ್ಮ ಎತ್ತುಗಳು ಅವರನ್ನ ಕೊಟ್ಟಿಗೆ ಒಳಗೆ ಬಿಟ್ಕೋತಿರ್ಲಿಲ್ಲ."

ಮರಿ ಮಾತ್ರ ಆ ಹುಲ್ಲಿನ ಗುಡ್ಡೆಯೊಳಗೆ ಹೊಕ್ಕು, ಕಿವಿಯಷ್ಟೇ ಹೊರಗಿಟ್ಟುಕೊಂಡು ಕಟಕಟನೆ ತಿಂದಿತು. ಅದಕ್ಕೆ ಎತ್ತುಗಳ ಅಭಿಪ್ರಾಯ ಗೊತ್ತಿರಲಿಲ್ಲ.

ಗೇಟಿಗೆ ಹಾಕಿದ ಬೋರ್ಡು

ನಮ್ಮ ರಸ್ತೆಯಲ್ಲಿ ಮಗು ಇರುವ ಮನೆಗೆ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಮೊಲದ ಮರಿಗೂ ಆ ಮರ್ಯಾದೆ ಸಿಕ್ಕಿತು. ಬಾಳೆಹಣ್ಣು ಬಂತು, ಬಿಸ್ಕತ್ತು ಬಂತು. ಪಕ್ಕದ ಮನೆಯಾಕೆ ಚಪಾತಿಗೆ ತುಪ್ಪ ಸವರಿ ತಂದರು. "ಬೇಡಮ್ಮ, ಅದರ ಹೊಟ್ಟೆಗೆ ಆಗಲ್ಲ" ಎಂದರೆ, "ತುಪ್ಪ ಮನೇಲೇ ಕಾಯಿಸಿದ್ದು ಸಾರ್" ಎನ್ನುತ್ತಾರೆ. ಕೊನೆಗೆ ಮಗಳು ಗೇಟಿಗೆ ಒಂದು ಬೋರ್ಡು ಕಟ್ಟಿದಳು: "ದಯವಿಟ್ಟು ಮೊಲಕ್ಕೆ ತಿಂಡಿ ಕೊಡಬೇಡಿ."

ಮರುದಿನ ಬೋರ್ಡಿನ ಪಕ್ಕದಲ್ಲೇ ಒಂದು ಚೀಲ ನೇತಾಡುತ್ತಿತ್ತು. ಒಳಗೆ ಏಳು ಚಪಾತಿ. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಹೇಳಿದರು: "ಅದು ಮೊಲಕ್ಕಲ್ಲ ಸಾರ್, ನಿಮಗೆ. ಮಿಕ್ಕಿದ್ರೆ ನೀವು ಯಾರಿಗೆ ಕೊಟ್ರೂ ನಾನು ಕೇಳಲ್ಲ."

ಏಳನ್ನೂ ನಾನೇ ತಿಂದೆ. ಆ ದಿನ ಹೊಟ್ಟೆ ಕೆಟ್ಟಿದ್ದು ನನ್ನದು.

ಶ್ರಾವಣ ಸೋಮವಾರ

ಇದನ್ನು ಬರೆಯಲು ಈಗಲೂ ನಾಚಿಕೆ. ಶ್ರಾವಣ ಸೋಮವಾರಗಳಲ್ಲಿ ನಮ್ಮ ಮನೆಯಲ್ಲಿ ಒಪ್ಪತ್ತು. ಪೂಜೆ ಮುಗಿದು ನೈವೇದ್ಯವಾಗುವವರೆಗೆ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ. ನಮ್ಮ ಮನೆಯಲ್ಲಿ ಹುಟ್ಟದಿದ್ದರೂ ನಮ್ಮ ಮನೆಯ ಜೀವವೇ ತಾನೇ, ಅದಕ್ಕೂ ಒಂದಿಷ್ಟು ಪುಣ್ಯ ಬರಲಿ ಎಂದು ಭಾನುವಾರ ಮಲಗುವ ಮುಂಚೆ ಹುಲ್ಲಿನ ಬುಟ್ಟಿ ತೆಗೆದು ಅಟ್ಟದ ಮೇಲಿಟ್ಟೆ. ಯಾರಿಗೂ ಹೇಳಲಿಲ್ಲ. ಪುಣ್ಯದ ಕೆಲಸವನ್ನು ಹೇಳಿಕೊಂಡು ಮಾಡಬಾರದು ಎಂಬುದು ನನ್ನ ನಂಬಿಕೆ.

ಬೆಳಿಗ್ಗೆ ಮಗಳು ಬೇಗ ಕಾಲೇಜಿಗೆ ಹೋದಳು. ದೇವಸ್ಥಾನದಲ್ಲಿ ಜನವೋ ಜನ. ನಾನೂ ಹೆಂಡತಿಯೂ ಮನೆ ಸೇರಿ, ಪೂಜೆ ಮುಗಿಸುವಾಗ ಮೂರು ಗಂಟೆ ದಾಟಿತ್ತು. ಹುಲ್ಲು ಇಟ್ಟರೆ ಮರಿ ಮೂಸಲೂ ಇಲ್ಲ. ಮೈ ಮುದುಡಿಕೊಂಡು, ಅರ್ಧ ಕಣ್ಣು ಮುಚ್ಚಿ ಕೂತಿತ್ತು. ಗೂಡಿನಲ್ಲಿ ಒಂದು ಹಿಕ್ಕೆಯೂ ಇರಲಿಲ್ಲ. ಮಗಳಿಗೆ ಫೋನ್ ಮಾಡಿ, ಮರಿಯನ್ನೆತ್ತಿಕೊಂಡು ಆಟೋ ಹಿಡಿದು ಡಾಕ್ಟರಮ್ಮನ ಹತ್ತಿರ ಓಡಿದೆ. ಮಗಳು ಅಲ್ಲಿಗೇ ಬಂದಳು.

"ಕೊನೇ ಸಲ ಯಾವಾಗ ತಿಂತು?" ಡಾಕ್ಟರಮ್ಮ ಕೇಳಿದರು.

"ನಿನ್ನೆ."

"ಹುಲ್ಲು ಖಾಲಿ ಆಗಿತ್ತಾ?"

"ಇಲ್ಲಮ್ಮ. ಒಪ್ಪತ್ತಿತ್ತು."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇದರ ಹೊಟ್ಟೆ ಹಿಟ್ಟಿನ ಮಿಲ್ ಥರ ಸಾರ್, ಓಡ್ತಾನೇ ಇರ್ಬೇಕು. ನಿಂತ್ರೆ ಮತ್ತೆ ಓಡಿಸೋದು ಕಷ್ಟ. ಯಾಕೆ ಹೀಗೆ ಮಾಡಿದ್ರಿ?"

"ಪುಣ್ಯ ಬರ್ಲಿ ಅಂತ."

ಅವರು ಇಂಜೆಕ್ಷನ್ ತುಂಬಿಸುತ್ತಾ ಮರಿಯನ್ನೇ ನೋಡಿದರು. "ಮೂರು ತಿಂಗಳೂ ಆಗಿಲ್ಲ ಹುಟ್ಟಿ. ಅಂಥಾ ಪಾಪ ಏನು ಮಾಡಿತ್ತು ಸಾರ್ ಇದು?"

ಐವತ್ತು ವರ್ಷ ಒಪ್ಪತ್ತು ಹಿಡಿದವನು ನಾನು. ಹಸಿವನ್ನು ನಾನು ಬೇಕೆಂದು ತಂದುಕೊಳ್ಳುತ್ತೇನೆ, ಅದಕ್ಕೆ ವ್ರತವೆಂದು ಹೆಸರು. ಇನ್ನೊಬ್ಬರ ಬಟ್ಟಲು ಎತ್ತಿಟ್ಟರೆ ಅದಕ್ಕೆ ಏನೆನ್ನಬೇಕು? ಡಾಕ್ಟರಮ್ಮ ಚೀಟಿಯಲ್ಲಿ ಕಾಯಿಲೆಯ ಕಾರಣ ಬರೆಯುವ ಕಡೆ ಒಂದೇ ಮಾತು ಬರೆದಿದ್ದರು: "ಯಜಮಾನರು."

ಬೆಳಗಿನ ಫೋಟೊ

ಸೂಜಿಯಿಲ್ಲದ ಸಿರಿಂಜಿನಲ್ಲಿ ಗಂಟೆಗೆ ಇಷ್ಟು ಎಂದು ಅಂಬಲಿಯಂಥ ಔಷಧದ ಆಹಾರ ಕುಡಿಸಬೇಕು, ಹೊಟ್ಟೆ ಮೆಲ್ಲಗೆ ನೀವಬೇಕು. "ಹಿಕ್ಕೆ ಹಾಕಿದ್ರೆ ಗೆದ್ದ ಹಾಗೆ. ಹಾಕಿದ ತಕ್ಷಣ ಫೋಟೊ ಕಳ್ಸಿ" ಎಂದಿದ್ದರು ಡಾಕ್ಟರಮ್ಮ. ಮಗಳು ನನ್ನೊಡನೆ ಮಾತು ಬಿಟ್ಟಿದ್ದಳು. ರಾತ್ರಿಯಿಡೀ ಕುಡಿಸುವುದು ಅವಳು, ನೀವುವುದು ನಾನು. ಜಪಕ್ಕೆ ಕೂತಾಗಲೂ ನನ್ನ ಮನಸ್ಸು ಅಷ್ಟು ನೆಟ್ಟಗೆ ಒಂದೇ ಕಡೆ ನಿಂತದ್ದಿಲ್ಲ.

ಬೆಳಿಗ್ಗೆ ಆರು ಗಂಟೆಗೆ ಮಗಳು ಬಾಯಿ ಬಿಟ್ಟಳು. "ಅಪ್ಪಾ, ನೋಡಿಲ್ಲಿ." ಬಿಳಿ ಬಟ್ಟೆಯ ಮೇಲೆ ದುಂಡಗೆ, ಕಂದುಬಣ್ಣದ ಒಂಬತ್ತು ಹಿಕ್ಕೆ. ಕಣ್ಣು ಮಂಜಾಯಿತು. ಹಾಗೇ ಫೋಟೊ ತೆಗೆದು ಕಳಿಸಿದೆ.

ನಮ್ಮ ಭಜನೆ ಮಂಡಳಿಯ ವಾಟ್ಸಾಪ್ ಗ್ರೂಪಿಗೆ ದಿನಾ ಬೆಳಿಗ್ಗೆ ಆರಕ್ಕೆ ನಾನು ಒಂದು ಶಿವನ ಫೋಟೊ ಕಳಿಸುವುದು ರೂಢಿ. ಬೆರಳು ರೂಢಿಯ ದಾರಿಯನ್ನೇ ಹಿಡಿದಿತ್ತು. ನೋಡಿಕೊಳ್ಳುವಷ್ಟರಲ್ಲಿ ಹದಿನಾಲ್ಕು ಜನ ಕೈಮುಗಿದಾಗಿತ್ತು. "ಓಂ ನಮಃ ಶಿವಾಯ." "ದರ್ಶನ ಭಾಗ್ಯ." ಮಂಡಳಿಯ ಹಿರಿಯರು ಬರೆದಿದ್ದರು: "ಒಳ್ಳೆ ರುದ್ರಾಕ್ಷಿ ಸಾರ್. ಯಾವ ಕ್ಷೇತ್ರದ್ದು? ನನಗೂ ಎರಡು ತರಿಸಿಕೊಡಿ."

ಹೆಂಡತಿಗೆ ತೋರಿಸಿದೆ. "ಅಳಿಸಿಬಿಡ್ಲಾ?"

"ಸುಳ್ಳು ಯಾಕೆ? ಇದ್ದದ್ದು ಹೇಳ್ಬಿಡಿ."

ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಒತ್ತಿ ಬರೆದೆ: "ಕ್ಷಮಿಸಿ. ಅದು ನಮ್ಮ ಮೊಲದ ಮರಿಯ ಹಿಕ್ಕೆ. ನನ್ನ ತಪ್ಪಿನಿಂದ ಅದರ ಹೊಟ್ಟೆ ನಿಂತಿತ್ತು. ಶಿವನ ದಯೆ, ಇವತ್ತು ಹಾಕಿತು."

ಆಮೇಲೆ ಒಬ್ಬೊಬ್ಬರಾಗಿ ಮತ್ತೆ ಅಷ್ಟೂ ಜನ ಕೈಮುಗಿದರು. ಈ ಸಲ ಓದಿಯೇ ಕೈಮುಗಿದಿದ್ದರು. ನಾನೂ ಕೈಮುಗಿದೆ.

ಕೊನೆಗೆ ಹಿರಿಯರ ಸಂದೇಶ ಬಂತು: "ಬಹಳ ಸಂತೋಷ ಸಾರ್. ನನಗೆ ಆ ಎರಡು ಬೇಡ ಬಿಡಿ."