ಸೂರ್ಯ ಹುಟ್ಟದ ಊರಿಗೆ ಎರಡು ಟಿಕೆಟ್

ನಮ್ಮ ದೊಡ್ಡವ್ವನ ಬಾಯಿಂದ "ಗೊತ್ತಿಲ್ಲ" ಎಂಬ ಮಾತನ್ನು ಕೇಳಿದವರು ಯಾರಾದರೂ ಇದ್ದರೆ ಸಿಂಧನೂರಿನ ನನ್ನ ಬಟ್ಟೆ ಅಂಗಡಿಗೆ ಬರಲಿ, ಅವರಿಗೆ ಬೇಕಾದ ಬಟ್ಟೆ ಪುಕ್ಕಟೆ! ನಾನು ಇಷ್ಟು ಧಾರಾಳಿ ಏನಲ್ಲ. ಅಂಥವರು ಭೂಮಿಯ ಮೇಲೆ ಇಲ್ಲ ಎಂಬ ಧೈರ್ಯದ ಮೇಲೆ ಹೇಳಿಕೊಂಡು ಬಂದಿದ್ದೇನೆ, ಅಷ್ಟೆ.

ಮೂವತ್ತಾರು ವರ್ಷ ಮಕ್ಕಳಿಗೆ ಭೂಗೋಳ ಕಲಿಸಿದ ಹೆಂಗಸು ಅವಳು. ಮೊದಲು ತುರ್ವಿಹಾಳ, ಆಮೇಲೆ ಲಿಂಗಸುಗೂರು, ಕೊನೆಗೆ ಮಸ್ಕಿ. ನಿವೃತ್ತಳಾಗಿ ಹತ್ತು ವರ್ಷವಾದರೂ ಭೂಮಂಡಲದ ಚಾರ್ಜನ್ನು ಇನ್ನೂ ಯಾರಿಗೂ ವಹಿಸಿಕೊಟ್ಟಿಲ್ಲ. ಒಮ್ಮೆ ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡಿಲ್ಲದ ಬಸ್ಸೊಂದು ನಿಂತಿತ್ತು. ಹಿರಿಯರೊಬ್ಬರು, "ಯವ್ವಾ, ಈ ಗಾಡಿ ಎಲ್ಲಿಗ್ರೀ?" ಎಂದರು. ದೊಡ್ಡವ್ವ ತಲೆ ಎತ್ತದೆಯೇ, "ಲಿಂಗಸುಗೂರಿಗೆ, ಹತ್ರಿ" ಎಂದಳು. ಪಾಪ, ಅವರು ಹತ್ತಿದರು. ಬಸ್ಸು ಅವರನ್ನು ಸಿಂಧನೂರಿಗೆ ತಂದು ಇಳಿಸಿತು! ಮುಂದಿನ ವಾರ ಅದೇ ಜಾಗದಲ್ಲಿ ಸಿಕ್ಕು ಜಗಳ ತೆಗೆದರೆ ಇವಳೇನು ಹೇಳಬೇಕು? "ನಾ ಹೇಳಿದ್ದು ಬರೋಬ್ಬರಿ ಐತ್ರಿ. ಬಸ್ಸ ತಪ್ಪು ಹೋಗೈತಿ."

ಇಂಥ ದೊಡ್ಡವ್ವ ದಸರಾ ಮುಗಿದ ವಾರ ಅಂಗಡಿಗೆ ಬಂದಳು. ನಾನು ಸ್ಟೂಲಿನ ಮೇಲೆ ನಿಂತು ಮೇಲಿನ ಸಾಲಿನಿಂದ ಸೀರೆ ತೆಗೆಯುತ್ತಿದ್ದೆ. ಒಂದು ಗ್ಲಾಸ್ ನೀರು ಕುಡಿದು, ಬಾಯಿ ಒರೆಸಿಕೊಂಡು, ಸಂತೆಗೆ ಹೊರಟವರ ಹಾಗೆ ಹೇಳಿದಳು:

"ಲೇ ತಮ್ಮಾ, ಡಿಸೆಂಬರ್‌ನಾಗ ನಾರ್ವೆಗೆ ಹೊಂಟೀನಿ. ಎರಡು ಟಿಕೆಟ್ ತಗಸಬೇಕು."

ಸೀರೆಗಳು ಕೆಳಗೆ ಬಿದ್ದವು. ಅವುಗಳ ಹಿಂದೆಯೇ ನಾನೂ ಬಿದ್ದೆ. ಎಪ್ಪತ್ತರ ಹೊಸ್ತಿಲಲ್ಲಿರುವ ದೊಡ್ಡವ್ವ ನಾರ್ವೆಗೆ ಹೋಗುತ್ತಾಳೆ ಎಂಬುದಕ್ಕಲ್ಲ, ಆ "ಎರಡು" ಎಂಬ ಮಾತಿಗೆ! ಅವಳಿಗೆ ಮಕ್ಕಳಿಲ್ಲ. ದೊಡ್ಡಪ್ಪ ತೀರಿಕೊಂಡು ಬಹಳ ದಿನವಾಯಿತು. ಅವಳ ಕೈತುತ್ತು ತಿಂದು ಬೆಳೆದವನು ನಾನೊಬ್ಬನೇ. ಒಮ್ಮೆ ದುಬೈ ನೋಡುವ ಹುಚ್ಚು ಹಿಡಿದು ಪಾಸ್‌ಪೋರ್ಟ್ ಮಾಡಿಸಿದವನೂ ಮನೆತನದಲ್ಲಿ ನಾನೊಬ್ಬನೇ. ಇನ್ನು ಎರಡನೆಯ ಟಿಕೆಟ್ ಯಾರದು, ನೀವೇ ಹೇಳಿ!

ನನ್ನ ಚಳಿಯ ಕಥೆ ಸಿಂಧನೂರಿಗೆಲ್ಲ ಗೊತ್ತು. ಊರವರು ಫ್ಯಾನು ಹಚ್ಚಿಕೊಂಡು ಮಲಗುವ ಡಿಸೆಂಬರಿನಲ್ಲಿ ನಾನು ಮಂಕಿ ಕ್ಯಾಪ್ ಹಾಕುವವನು. ಧೈರ್ಯ ಮಾಡಿ ಮಾರಾಟಕ್ಕೆಂದು ಹತ್ತು ಸ್ವೆಟರ್ ತರಿಸಿದ್ದೆ, ಒಂಬತ್ತನ್ನು ನಾನೇ ಹಾಕಿ ಸವೆಸಿದೆ. ಉಳಿದಿರುವುದು ಒಂದು, ಅದೂ ನನ್ನಂಥ ಇಬ್ಬರು ಹಿಡಿಯುವಷ್ಟು ದೊಡ್ಡದು ಎಂಬ ಕಾರಣಕ್ಕೆ. ಮನೆಗೆ ಬಂದು ಹೆಂಡತಿಯ ಮುಂದೆ ಗೋಳಾಡಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಹೋಗಿ ಬರ್ರಿ. ಅಲ್ಲಿ ಹೊರಗ ಇಟ್ಟಿದ್ದು ಏನೂ ಕೆಡಂಗಿಲ್ಲಂತ, ನೀವೂ ಕೆಡಂಗಿಲ್ಲ" ಎಂದಳು. ಇದು ಸಂಸಾರ!

ಕೊನೆಯ ಆಸೆ ಟ್ರಾವೆಲ್ಸಿನ ಭಾಯಿಯ ಮೇಲಿತ್ತು. ಉಮ್ರಾಕ್ಕೆ, ಕಾಶಿಗೆ ಒಂದೇ ಭಕ್ತಿಯಿಂದ ಜನರನ್ನು ಕಳಿಸುವ ಸಜ್ಜನ. ದೊಡ್ಡವ್ವ ತನ್ನ ಹೊಸ ಪಾಸ್‌ಪೋರ್ಟ್ ಮುಂದಿಟ್ಟು ನಾರ್ವೆ ಎಂದ ಕೂಡಲೇ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಅಮ್ಮಾ, ಡಿಸೆಂಬರ್ ಅಂದ್ರ ಆಫ್ ಸೀಸನ್ ಐತ್ರೀ. ಜೂನ್‌ನಾಗ ಹೋಗ್ರಿ. ರಾತ್ರಿ ಹನ್ನೆರಡಕ್ಕೂ ಸೂರ್ಯ ಇರ್ತಾನಂತ."

"ಸೂರ್ಯನ್ನ ನೋಡಾಕ ಅಲ್ಲಿತನ ಯಾಕ ಹೋಗ್ಲಿ? ಏಪ್ರಿಲ್‌ನಾಗ ಲಿಂಗಸುಗೂರಿಗೆ ಬಾ, ತಲಿ ಮ್ಯಾಲ ಕುಂತಿರ್ತಾನ! ನನಗ ಅವ ಇಲ್ಲದ್ದು ನೋಡಬೇಕು."

"ಯಾ ಅಲ್ಲಾ! ಹಗಲಿನಾಗೂ ಅಂಧೇರಾ ಇರ್ತೈತ್ರೀ ಅಮ್ಮಾ. ಏನ್ ನೋಡ್ತೀರಿ?"

"ಆ ಅಂಧೇರಾನ ನೋಡ್ತೀನಿ."

ಭಾಯಿ ನನ್ನ ಮುಖ ನೋಡಿದರು, ನಾನು ಛಾವಣಿ ನೋಡಿದೆ. ಎರಡನೆಯವರ ಕಾಗದಪತ್ರ ಕೇಳಿದರೆ ದೊಡ್ಡವ್ವ, "ಆಮ್ಯಾಲ ತಂದು ಕೊಡ್ತೀನಿ" ಎಂದಳು. ಅವತ್ತೇ ಮನೆಗೆ ಹೋಗಿ ನನ್ನ ಪಾಸ್‌ಪೋರ್ಟನ್ನು ಜೋಳದ ಡಬ್ಬಿಯ ತಳಕ್ಕೆ ಇಳಿಸಿದೆ. ಕೇಳಿದರೆ ಕಳೆದುಹೋಗಿದೆ ಎನ್ನುವುದು, ಮತ್ತೂ ಕೇಳಿದರೆ ಇಲಿ ತಿಂದಿದೆ ಎನ್ನುವುದು! ಆಶ್ಚರ್ಯವೆಂದರೆ ಅವಳು ಕೇಳಲೇ ಇಲ್ಲ. ಕೇಳದಿದ್ದಷ್ಟೂ ನಾನು ದಿನಕ್ಕೆರಡು ಸಲ ಡಬ್ಬಿ ತೆಗೆದು ನೋಡತೊಡಗಿದೆ.

ಅಷ್ಟರಲ್ಲಿ ಐಸ್ ಫ್ಯಾಕ್ಟರಿಯಿಂದ ಫೋನ್ ಬಂತು. ಅದರ ಮಾಲೀಕನೂ ಇವಳ ಶಿಷ್ಯನೇ. ಈ ಮೂರು ತಾಲೂಕಿನಲ್ಲಿ ಇವಳ ಏಟು ತಿನ್ನದವರು ಯಾರಿದ್ದಾರೆ ಹೇಳಿ! "ಅಣ್ಣಾರ, ಲಗೂನ ಬರ್ರಿ. ಅಕ್ಕೋರು ಐಸ್ ಖೋಲಿಯೊಳಗ ಹೋಗಿ ಬಾಗಲಾ ಮುಚ್ಕೊಂಡಾರ, ಹೊರಗ ಬರವಲ್ರು!" ಬೈಕು ಎಲ್ಲಿ ನಿಲ್ಲಿಸಿದೆನೋ, ಚಪ್ಪಲಿ ಎಲ್ಲಿ ಬಿಟ್ಟೆನೋ! ಬಾಗಿಲು ತೆಗೆದು ನೋಡಿದರೆ ಐಸ್ ದಿಮ್ಮಿಗಳ ನಡುವೆ ಪ್ಲಾಸ್ಟಿಕ್ ಕುರ್ಚಿ. ಅದರ ಮೇಲೆ ಗುರುಗುಂಟಾದ ಕುರುಬರ ಕಂಬಳಿ ಹೊದ್ದು ದೊಡ್ಡವ್ವ ಶೇಂಗಾ ಸುಲಿಯುತ್ತ ಕುಂತಿದ್ದಾಳೆ. ಕೈಯಲ್ಲಿ ವಾಚು. ನಾನು ಅಳುವುದೊಂದು ಬಾಕಿ.

"ಏನಾಗೈತಿ ದೊಡ್ಡವ್ವಾ ನಿನಗ?"

"ರೂಢಿ ಮಾಡ್ಕೊಳ್ಳಾಕತ್ತೀನಿ. ನಿನ್ನೆ ಹತ್ತು ನಿಮಿಷ, ಇವತ್ತು ಹದಿನೈದು. ಬಾಗಲಾ ಹಾಕು ಮೊದಲ, ತಂಪು ಹೊರಗ ಹೊಂಟೈತಿ!"

ವಾರ ಕಳೆಯುವುದರಲ್ಲಿ ಹಿಮದಲ್ಲಿ ಹಾಕುವ ಬೂಟು ತರಿಸಲು ಹೇಳಿದಳು. ಎರಡು ಜೊತೆ. ಒಂದು ನಾಲ್ಕನೇ ನಂಬರು, ಇನ್ನೊಂದು ಹತ್ತನೆಯದು. ನನ್ನ ಕಾಲು ಏಳು! "ಹತ್ತು ದೊಡ್ಡದಾಗಂಗಿಲ್ಲೇನು?" ಎಂದೆ. "ಬರೋಬ್ಬರಿ ಆಗ್ತೈತಿ" ಎಂದಳು. ಗೊತ್ತಿಲ್ಲ ಎನ್ನುವ ಜಾತಿಯವಳಲ್ಲವಲ್ಲ, ವಾದ ಮಾಡಿ ಏನು ಬಂತು? ಮೂರು ಜೊತೆ ಸಾಕ್ಸು ಹಾಕಿಕೊಂಡರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಣೆಬರಹಕ್ಕೆ ಹೊಣೆ ಯಾರು!

ಬೂಟು ಬಂದ ದಿನ ಮುಂಜಾನೆಯೇ ಹಾಜರಾದಳು. "ದೊಡ್ಡ ಬೂಟು ತಗೋ. ತುರ್ವಿಹಾಳಕ್ಕ ನಡಿ." ಬೂಟಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬೈಕಿನ ಹಿಂದೆ ಕೂತಳು. ದಾರಿಯುದ್ದಕ್ಕೂ ಕಾಲುವೆ, ಕಾಲುವೆಯ ಎರಡೂ ಕಡೆ ಭತ್ತದ ಗದ್ದೆ. ಯಾವಾಗಲೂ ಊರೂರಿನ ಮಣ್ಣಿನ ಗುಣ ವರ್ಣಿಸುತ್ತ ಬರುವವಳು ಅವತ್ತು ಒಂದು ಮಾತಾಡಲಿಲ್ಲ. ಅದು ನನಗೆ ಐಸ್ ಖೋಲಿಗಿಂತ ಹೆಚ್ಚು ಭಯ ಹುಟ್ಟಿಸಿತು.

ಊರಂಚಿನ ಒಂದು ಎಮ್ಮೆಯ ಕೊಟ್ಟಿಗೆಯ ಮುಂದೆ ಇಳಿದೆವು. ಹಾಲು ಹಿಂಡುತ್ತಿದ್ದವನು ಎದ್ದು ನಿಂತ. ಐವತ್ತು ದಾಟಿದ ಆಳು, ಬಾಗಿಲು ಸಾಲದಷ್ಟು ಎತ್ತರ. ನಾನು ಮೊದಲು ನೋಡಿದ್ದು ಅವನ ಕಾಲು. ಎಂಥ ಕಾಲು! ಹತ್ತನೇ ನಂಬರಿಗೆ ಒಂದು ಗುಲಗಂಜಿ ಕಡಿಮೆಯಿಲ್ಲ.

"ಅಕ್ಕೋರ! ಬರ್ರಿ ಬರ್ರಿ, ಕುಂಡ್ರಿ" ಎಂದು ಹೊರಸನ್ನು ಒರೆಸಿದ.

ದೊಡ್ಡವ್ವ ಕೂರಲಿಲ್ಲ. ನನ್ನ ಕಡೆ ತಿರುಗಿ ಹೇಳಿದಳು. "ಇವ ಆರನೇ ಕ್ಲಾಸಿನ್ಯಾಗ ನನ್ನ ಹತ್ರ ಇದ್ದ. ನಾರ್ವೆದ ಪಾಠ ಮಾಡಾಕತ್ತಿದ್ದೆ. ಚಳಿಗಾಲದಾಗ ಅಲ್ಲಿ ಸೂರ್ಯ ಹುಟ್ಟಂಗಿಲ್ಲ ಅಂದೆ. ಇವ ಎದ್ದು ನಿಂತು, 'ಹಂಗಾದ್ರ ಎಮ್ಮಿ ಎಷ್ಟೊತ್ತಿಗೆ ಹಿಂಡ್ತಾರ್ರೀ ಅಕ್ಕೋರ? ಬೆಳಕಾತಂತ ಎಮ್ಮಿಗೆ ಹೆಂಗ ಗೊತ್ತಾಗ್ತೈತಿ?' ಅಂದ. ಇಡೀ ಕ್ಲಾಸು ನಕ್ಕಿತು. ಕೈ ಮುಂದ ಮಾಡು ಅಂದೆ. ಬೆತ್ತ ಮುರಿಯೂತನ ಹೊಡದೆ. ಮರುದಿನದಿಂದ ಇವ ಸಾಲಿಗೆ ಬರಲಿಲ್ಲ."

"ಅಯ್ಯ, ಬಿಡ್ರಿ ಅಕ್ಕೋರ. ನನಗೆಲ್ಲಿ ನೆನಪೈತ್ರಿ ಅದು!" ಎಂದ ಅವನು.

"ನನಗೈತಿ. ಹೋದ ವರ್ಷ ಮದುವ್ಯಾಗ ಸಿಕ್ಕಾಗ ಮೊಮ್ಮಗಗ ಏನ್ ಹೇಳಾಕತ್ತಿದ್ದಿ? 'ನನ್ನ ತಲಿಗೆ ಸಾಲಿ ಹತ್ತಲಿಲ್ಲ' ಅಂತ. ಸುಳ್ಳು! ಹತ್ತಿತ್ತು. ಬಿಡಿಸಿದಾಕಿ ನಾನು."

ಒಂದು ತಿಂಗಳಿಂದ ಯಾವುದಕ್ಕೆ ಹೆದರಿ ಜೋಳದ ಡಬ್ಬಿ ಕಾಯುತ್ತಿದ್ದೆನೋ ಆ ಟಿಕೆಟ್ ನನ್ನದಾಗಿರಲೇ ಇಲ್ಲ! ಖುಷಿಯಾಗಬೇಕಿತ್ತು. ಆದದ್ದು ಹೊಟ್ಟೆಕಿಚ್ಚು.

"ನಿನ್ನ ಪಾಸ್‌ಪೋರ್ಟ್ ಬಂದೈತಲ್ಲ, ಕೊಡು" ಎಂದಳು ದೊಡ್ಡವ್ವ. ಅವನು ಒಳಗಿನಿಂದ ದೇವರ ಪ್ರಸಾದದ ಹಾಗೆ ಎರಡು ಕೈಯಲ್ಲಿ ತಂದ. ಅಕ್ಕೋರು ಮಾಡಿಸು ಅಂದರಂತೆ, ಕರೆದಲ್ಲಿಗೆ ಹೋಗಿ ಸಹಿ ಮಾಡಿ ಬಂದನಂತೆ. "ಯಾತಕ್ಕಂತ ಕೇಳಲಿಲ್ಲೇನು?" ಎಂದೆ ನಾನು.

"ಕೇಳಿದ್ರ ಹೊಡೀತಾರಲ್ರಿ!" ಎಂದು ಅವನು ಹೋ ಎಂದು ನಕ್ಕ.

ನೆನಪಿಲ್ಲ ಎಂದವನೇ! ನಾನೂ ನಗಲು ಹೋದೆ. ದೊಡ್ಡವ್ವನ ಮುಖ ನೋಡಿದರೆ ಕಣ್ಣು ತುಂಬಿದ್ದವು. ಅವಳು ಬೂಟಿನ ಡಬ್ಬಿಯನ್ನು ಅವನ ಕೈಗಿಟ್ಟು, "ಹಾಕ್ಕೋ. ಭಾಳ ಚಳಿ ಇರ್ತೈತಿ. ನಾನು ನೀನು ಹತ್ತು ದಿನ ನಾರ್ವೆಗೆ ಹೊಂಟೀವಿ" ಎಂದಳು.

ಅವನು ಹೊರಸಿನ ಮೇಲೆ ಕೂತೇಬಿಟ್ಟ. ಮೆಲ್ಲಗೆ, "ಹತ್ತು ದಿನ ನನ್ನ ಎಮ್ಮಿ ಯಾರು ಹಿಂಡ್ತಾರ್ರೀ?" ಎಂದ.

"ಇವ ಅದಾನಲ್ಲ" ಎಂದು ದೊಡ್ಡವ್ವ ನನ್ನ ಕಡೆ ಬೆರಳು ತೋರಿದಳು. "ಮತ್ಯಾಕ ಕರಕೊಂಡು ಬಂದೀನಿ?"

ಅಯ್ಯೋ ಶಿವನೇ! ಕೊಂಬಿನ ಎಮ್ಮೆಯೊಂದು ಮೆಲುಕು ನಿಲ್ಲಿಸಿ ನನ್ನನ್ನು ಅಡಿಯಿಂದ ಮುಡಿತನಕ ನೋಡಿತು. ನಾರ್ವೆಯೇ ಎಷ್ಟೋ ವಾಸಿಯಿತ್ತು!

ಅವನು ಬೂಟು ಹಾಕಿಕೊಂಡು ಸೆಗಣಿಯ ನೆಲದ ಮೇಲೆ ನಾಲ್ಕು ಹೆಜ್ಜೆ ನಡೆದ. ಬರೋಬ್ಬರಿ ಆಗಿತ್ತು. ತಿರುಗಿ ಬಂದು ದೊಡ್ಡವ್ವನ ಮುಂದೆ ನಿಂತ. ಏನೋ ಕೇಳಬೇಕೆಂದು ಬಾಯಿ ತೆರೆದ, ಮುಚ್ಚಿದ. ಅಂಥ ಆಳು, ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಿದ್ದ.

"ಅಕ್ಕೋರ, ಒಂದ್ ಮಾತು. ಅಲ್ಲಿ ಸೂರ್ಯ ಹುಟ್ಟಂಗಿಲ್ಲಂದ್ರ... ಎಷ್ಟೊತ್ತಿಗೆ ಹಿಂಡ್ತಾರ್ರೀ?"

ದೊಡ್ಡವ್ವ ಅವನ ಬೆನ್ನ ಹಿಂದಿನ ಕೈಗಳನ್ನು ತಾನೇ ಮುಂದಕ್ಕೆ ಎಳೆದು, ಆ ಒರಟು ಅಂಗೈಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಗೊತ್ತಿಲ್ಲೋ ಮಗನ" ಎಂದಳು. "ಅವತ್ತೂ ಗೊತ್ತಿರಲಿಲ್ಲ."

ಆ ದೊಡ್ಡ ಸ್ವೆಟರನ್ನು ಅವನಿಗೆಂದು ಎತ್ತಿಟ್ಟಿದ್ದೇನೆ. ಹೊರಡುವ ಮೊದಲು ಅಂಗಡಿಗೆ ಬಂದು ಪುಕ್ಕಟೆ ಒಯ್ಯಲಿ.