ಲೈಲ್ ಕುಪ್ಕಾನ ಎಡಮಂಡಿ

ಶುಕ್ರವಾರ ಬೆಳಗ್ಗೆ ಅಂಚೆಯವನು ಕೊಟ್ಟುಹೋದ ಲಕೋಟೆಯನ್ನು ಲೈಲ್ ಕುಪ್ಕಾ ಕೈಯ ಹಿಟ್ಟನ್ನೂ ಒರೆಸಿಕೊಳ್ಳದೆ ಒಡೆದ. ಓದಿದ. ಇನ್ನೊಮ್ಮೆ ಓದಿದ. ಆಮೇಲೆ ಬೇಕರಿಯ ಗಲ್ಲಾಪೆಟ್ಟಿಗೆಯ ಹಿಂದಿದ್ದ ಸ್ಟೂಲಿನ ಮೇಲೆ ಗಾಳಿ ಹೋದ ಟ್ಯೂಬಿನ ಹಾಗೆ ಕುಸಿದು ಕೂತ.

ಸೈನ್ಯದ ವಿದ್ಯಾರ್ಥಿವೇತನದಲ್ಲಿ ಕಾಲೇಜು ಸೇರಿದ್ದ ತಾವು ಸ್ವಂತ ಇಚ್ಛೆಯಿಂದ ತರಬೇತಿ ಬಿಟ್ಟಿರುವ ಕಾರಣ, ಸರ್ಕಾರ ತಮ್ಮ ಪರವಾಗಿ ಕಟ್ಟಿದ ಶುಲ್ಕ ನಲವತ್ತೊಂದು ಸಾವಿರದ ಮುನ್ನೂರ ಅರವತ್ತು ಡಾಲರನ್ನು ಮರಳಿಸತಕ್ಕದ್ದು. ಆಕ್ಷೇಪವಿದ್ದಲ್ಲಿ ಇಂಥ ದಿನ ಸಂಜೆ ನಾಲ್ಕರೊಳಗೆ ಕಚೇರಿಗೆ ಖುದ್ದಾಗಿ ಹಾಜರಾಗತಕ್ಕದ್ದು. ಕಾಗದ ಅವನ ಹಳೇ ಹಾಸ್ಟೆಲಿಗೆ ಹೋಗಿ, ಅಲ್ಲಿಲ್ಲಿ ಅಲೆದು, ನೆಬ್ರಾಸ್ಕಾದ ಲಿಪಾ ಎಂಬ ಈ ಸಣ್ಣ ಊರನ್ನು ಮುಟ್ಟುವಷ್ಟರಲ್ಲಿ ಆ ದಿನ ಇವತ್ತೇ ಆಗಿಬಿಟ್ಟಿತ್ತು.

"ಸ್ವಂತ ಇಚ್ಛೆಯಂತೆ," ಅಂದ ಲೈಲ್. "ತರಬೇತೀಲಿ ಗೋಡೆ ಹತ್ತಿಸೋವಾಗ ಬಿದ್ದು ಎಡಮಂಡಿ ಮುರ್ಕೊಂಡೆ. ಅವರೇ ಕೈಕುಲುಕಿ, ಮನೆಗೆ ಹೋಗಪ್ಪ, ಒಂದು ಕಾಸೂ ಕೊಡೋದು ಬೇಡ ಅಂದಿದ್ರು."

ಇದಿಷ್ಟೂ ನಿಜ. ಅವನು ಬಾಯಿಬಿಡದ ನಿಜ ಇನ್ನೊಂದಿತ್ತು. ಅವತ್ತು ಕೆಸರಿನಲ್ಲಿ ಅಂಗಾತ ಬಿದ್ದಾಗ ನೋವಿಗಿಂತ ಮೊದಲು ಬಂದದ್ದು ಸಂತೋಷ. ಎರಡು ವರ್ಷದಿಂದ ಅವನು ಗಸಗಸೆ ಹೂರಣದ ಕೊಲಾಚೆ ಬನ್ನು ಬೇಯಿಸಿಕೊಂಡು, ಯಾರ ಕೂಗಾಟವೂ ಇಲ್ಲದೆ, ಹೊಟ್ಟೆ ತುಂಬಿದ ಬೆಕ್ಕಿನಷ್ಟು ಸುಖವಾಗಿದ್ದ.

ಬೇಕರಿಯ ಒಡತಿ ಆರ್ಡಿಸ್‌ಗೆ ಎಪ್ಪತ್ತು ದಾಟಿತ್ತು. ಆಕೆ ಕಾಗದ ಕಿತ್ತುಕೊಂಡು ನೋಡಿದಳು.

"ಆಸ್ಪತ್ರೆ ಚೀಟಿ ಇದೆಯೇನೋ?"

"ಇದೆ."

"ಬರೀ ಚೀಟಿ ಸಾಲ್ದು. ನೀನು ಎಂಥ ಹುಡುಗ ಅಂತ ಅವರಿಗೆ ತಿಳೀಬೇಕು. ನಾನೊಂದು ಕಾಗದ ಬರ್ಕೊಡ್ತೀನಿ."

"ಬೇಡ ಆರ್ಡಿಸ್, ಚೀಟಿನೇ ಸಾಕು ಅನ್ಸುತ್ತೆ."

"ಸುಮ್ನಿರೋ. ನಿಂಗೇನು ಗೊತ್ತು ಸರ್ಕಾರದ ವಿಷ್ಯ."

ಮೂಲೆಯಲ್ಲಿ ಕಾಫಿ ಹೀರುತ್ತಿದ್ದ ಎಮಿಲ್ ಜಾಬ್ಕಾ ತಾನೂ ಬರೆಯುತ್ತೇನೆಂದ. ಟ್ರ್ಯಾಕ್ಟರ್ ರಿಪೇರಿಯಿಂದ ನಿವೃತ್ತನಾದ ಮೇಲೆ ಅಕಾರ್ಡಿಯನ್ ಬಾರಿಸುವುದು, ಕೇಳದೆ ಸಲಹೆ ಕೊಡುವುದು ಎರಡೇ ಅವನ ಕಸುಬು. ಬ್ರೆಡ್ಡಿಗೆ ಬಂದ ಪಾದ್ರಿ ಫಾದರ್ ಸ್ಟಾನ್ ಕೂಡ ಅಲ್ಲೇ ಕೂತು ಪೆನ್ನು ಕೇಳಿದರು. ಹನ್ನೊಂದರ ಹೊತ್ತಿಗೆ ಮೂರು ಲಕೋಟೆ ಸಿದ್ಧ, ಮೂರಕ್ಕೂ ಗೋಂದು.

"ಒಂದ್ಸಲ ಓದಿ ನೋಡ್ಲಾ?" ಅಂದ ಲೈಲ್.

"ಹೊಗಳಿಕೆ ಓದ್ಕೊಂಡ್ರೆ ತಲೆ ತಿರುಗುತ್ತೆ," ಎಂದು ಎಮಿಲ್ ಲಕೋಟೆಗಳನ್ನು ಜೇಬಿಗಿಟ್ಟುಕೊಂಡ.

ಲೈಲನ ಕಾರು ಸ್ಟಾರ್ಟ್ ಆಗಲಿಲ್ಲ. ಎಮಿಲನ ಹಳೇ ಪಿಕಪ್ಪಿನ ಒಂದೇ ಸೀಟಿನಲ್ಲಿ ನಾಲ್ವರೂ ಡಬ್ಬಿಯೊಳಗಿನ ಮೀನಿನಂತೆ ತುರುಕಿಕೊಂಡರು. ಎಪ್ಪತ್ತು ಮೈಲಿಯ ಹೆದ್ದಾರಿಯಲ್ಲಿ ಎಮಿಲ್ ಮದುವೆ ಮೆರವಣಿಗೆಯ ವೇಗದಲ್ಲಿ ಗಾಡಿ ಓಡಿಸಿದ. ದಾರಿಯಲ್ಲಿ ಮಾರಾಟಕ್ಕಿಟ್ಟ ಕೊಯ್ಲು ಯಂತ್ರವೊಂದನ್ನು ಕಂಡವನೇ ಇಳಿದು, ಕೊಳ್ಳುವ ಯೋಚನೆಯೇ ಇಲ್ಲದೆ ಅರ್ಧ ಗಂಟೆ ಚೌಕಾಸಿ ಮಾಡಿದ. ಅಧಿಕಾರಿಗೆಂದು ಆರ್ಡಿಸ್ ತಂದಿದ್ದ ಕೊಲಾಚೆ ಪೆಟ್ಟಿಗೆಯ ಮೇಲೆ ಫಾದರ್ ಸ್ಟಾನ್ ಕೂತುಬಿಟ್ಟಿದ್ದು ಕಚೇರಿ ಮುಟ್ಟಿದ ಮೇಲೆ ಗೊತ್ತಾಯಿತು. ಆಗ ಗಂಟೆ ನಾಲ್ಕಕ್ಕೆ ಹತ್ತು ನಿಮಿಷ.

ಮೇಜರ್ ಟಾಲಿವರ್ ಐವತ್ತರ ಹೆಂಗಸು, ಶಾಂತ ಮುಖ. ಆಸ್ಪತ್ರೆ ಚೀಟಿಯನ್ನು ಎರಡು ಸಲ ಓದಿದರು.

"ಸ್ಪಷ್ಟವಾಗಿದೆ ಮಿಸ್ಟರ್ ಕುಪ್ಕಾ. ನಿಮ್ಮ ಮಂಡಿ ಕೆಲಸಕ್ಕೆ ಬಾರದ್ದು. ಯಾರೋ ಕಾಲಂ ತಪ್ಪಿ ಗುರುತು ಹಾಕಿದಾರೆ. ನಾನೊಂದು ಸಹಿ ಹಾಕಿದ್ರೆ ಮುಗೀತು."

ಪೆನ್ನು ಕಾಗದ ಮುಟ್ಟುವುದರಲ್ಲಿತ್ತು.

"ಸಹಿಗೆ ಮುಂಚೆ ಇವನ್ನೂ ನೋಡ್ಬಿಡಿ ಮೇಡಂ," ಎಂದು ಆರ್ಡಿಸ್ ಎಮಿಲನ ಜೇಬಿಗೆ ಕೈ ಹಾಕಿ ಮೂರು ಲಕೋಟೆಗಳನ್ನೂ ಮೇಜಿನ ಮೇಲಿಟ್ಟಳು.

"ಅದೆಲ್ಲ ಈಗ್ಯಾಕೆ," ಅಂದ ಲೈಲ್. ಯಾರೂ ಕೇಳಿಸಿಕೊಳ್ಳಲಿಲ್ಲ. ಮೇಜರ್ ಗಟ್ಟಿಯಾಗಿಯೇ ಓದತೊಡಗಿದರು.

"'ಐವತ್ತು ಪೌಂಡಿನ ಹಿಟ್ಟಿನ ಚೀಲಗಳನ್ನು ಹೆಗಲಿಗೊಂದರಂತೆ ಹೊತ್ತು ನೆಲಮಾಳಿಗೆಯಿಂದ ಓಡಿಕೊಂಡೇ ಮೇಲೆ ಬರುತ್ತಾನೆ.'"

ಆರ್ಡಿಸ್ ಹೆಮ್ಮೆಯಿಂದ ತಲೆಯಾಡಿಸಿದಳು.

"'ಶನಿವಾರದ ಪೋಲ್ಕಾ ಕುಣಿತದಲ್ಲಿ ನನ್ನ ಅಕಾರ್ಡಿಯನ್ ಸುಸ್ತಾಗಬೇಕೇ ಹೊರತು ಇವನಲ್ಲ. ಊರಿನ ಒಬ್ಬ ವಿಧವೆಯೂ ಕುಣಿಯದೆ ಮನೆಗೆ ಹೋದದ್ದಿಲ್ಲ.'"

"ಅದು ಕಮ್ಮಿನೇ ಬರ್ದಿದೀನಿ," ಅಂದ ಎಮಿಲ್.

"'ಚರ್ಚಿನ ಗಂಟೆಯ ಹಗ್ಗ ತುಂಡಾದಾಗ ಮಳೆನೀರಿನ ಪೈಪು ಹಿಡಿದು ಗೋಪುರದ ತುದಿಗೆ ಹತ್ತಿದ.'"

ಮೇಜರ್ ಕನ್ನಡಕದ ಮೇಲಿನಿಂದ ನೋಡಿದರು. ಲೈಲ್ ಕುರ್ಚಿಯಲ್ಲಿ ಒಂದು ಗೇಣು ಇಳಿದುಹೋಗಿದ್ದ.

"ಇದೇ ಮಂಡೀಲಾ?"

"ಅದು... ನಿಧಾನಕ್ಕೆ ವಾಸಿಯಾಯ್ತು ಮೇಡಂ."

"ಸುಳ್ಳಾಡೋ ಹುಡುಗ ಅಲ್ಲ ಅಂತಲೂ ಬರ್ದಿದೀನಿ," ಅಂದರು ಫಾದರ್ ಸ್ಟಾನ್. "ಕೊನೇ ಸಾಲಲ್ಲಿದೆ."

ಮೇಜರ್ ಕಡತ ಎತ್ತಿಕೊಂಡು ಒಳಕೋಣೆಗೆ ಹೋದರು. ಯಾರಿಗೋ ಫೋನು ಮಾಡುತ್ತಿರುವುದು ಕೇಳಿಸಿತು. ಹಿಟ್ಟು ಕಲಸಿ ಜೀವಮಾನವಿಡೀ ಈ ಸಾಲ ತೀರಿಸುವುದನ್ನು ಲೈಲ್ ಮನಸ್ಸಿನಲ್ಲೇ ಒಪ್ಪಿಕೊಂಡ. ಅಷ್ಟೇನೂ ಕೆಟ್ಟ ಬದುಕಲ್ಲ ಅನಿಸಿತು. ಬೇಕರಿ ಇರುತ್ತದೆ, ಶನಿವಾರ ಇರುತ್ತದೆ.

ಹತ್ತು ನಿಮಿಷದ ಮೇಲೆ ಮೇಜರ್ ನಗುತ್ತಾ ಬಂದರು. "ಸಾಲ ರದ್ದಾಯ್ತು. ಒಂದು ಡಾಲರೂ ಕೊಡಬೇಕಾಗಿಲ್ಲ."

ಆರ್ಡಿಸ್ ಲೈಲನನ್ನು ತಬ್ಬಿಕೊಂಡಳು. ಎಮಿಲ್ ಅವನ ಬೆನ್ನಿಗೆ ಟ್ರ್ಯಾಕ್ಟರಿಗೆ ಬಡಿಯುವಂತೆ ಬಡಿದ. ಚಪ್ಪಟೆಯಾದ ಕೊಲಾಚೆಗಳನ್ನು ಫಾದರ್ ಎಲ್ಲರಿಗೂ ಹಂಚಿದರು. ಲೈಲನಿಗೆ ಈ ಮೂವರ ಮೇಲೂ ಪ್ರೀತಿ ಉಕ್ಕಿಬಂತು.

"ನೀವು ತರಬೇತಿ ಬಿಟ್ಟಿದ್ರೆ ತಾನೇ ಸಾಲ," ಎಂದು ಮೇಜರ್ ಕೊಲಾಚೆ ಕಚ್ಚುತ್ತಾ ಮುಂದುವರಿಸಿದರು. "ಈ ಎರಡು ವರ್ಷಾನ ಮಂಡಿ ವಾಸಿಯಾಗೋಕೆ ಕೊಟ್ಟ ರಜೆ ಅಂತ ಬರೆಸಿದೀನಿ. ವಾಸಿ ಆಗಿದೆ. ಸೋಮವಾರ ಬೆಳಗ್ಗೆ ಐದೂವರೆಗೆ ತರಬೇತಿ ಮೈದಾನಕ್ಕೆ ಬನ್ನಿ."

ಲೈಲನ ಬಾಯಲ್ಲಿದ್ದ ಗಸಗಸೆ ಅಲ್ಲೇ ನಿಂತಿತು. ಅವನು ಮೇಜಿನ ಮೇಲೆ ಬಾಗಿ, ಹಿಂದಿದ್ದವರಿಗೆ ಕೇಳಿಸದಂತೆ ದನಿ ತಗ್ಗಿಸಿದ.

"ಮೇಡಂ, ತಿಂಗಳಿಗೆ ಇನ್ನೂರರಂತೆ ಕಂತಿನಲ್ಲಿ ಕಟ್ಬಿಡ್ಲಾ?"

"ಏನನ್ನ?"

"ಸಾಲಾನ."

ಮೇಜರ್ ಕಡತ ತೆರೆದು, ಪ್ರತಿ ಹಾಳೆಯನ್ನೂ ತಾಳ್ಮೆಯಿಂದ ತಿರುವಿ ನೋಡಿ, ಮುಚ್ಚಿದರು.

"ಯಾವ ಸಾಲ, ಕೆಡೆಟ್ ಕುಪ್ಕಾ?"